ಸಿಂಗಪುರದ ರಾಫಲ್ಸ್ ಹೋಟೆಲ್: ಇತಿಹಾಸ, ಊಟ, ಬಾರ್, ಬಿಲ್ – ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಪುರಕ್ಕೆ ಹೋದ ಕನ್ನಡಿಗರಲ್ಲಿ ಬಹಳಷ್ಟು ಜನ ಬೀಚ್ ರೋಡಿನ ಈ ಬಿಳಿ ಕಟ್ಟಡದ ಎದುರು ನಿಂತು ಫೋಟೊ ತೆಗೆಸಿಕೊಂಡು ಹಾಗೇ ಮುಂದೆ ನಡೆಯುತ್ತಾರೆ. ರೂಮ್ ಬುಕ್ ಮಾಡಿದವರನ್ನು ಮಾತ್ರ ಒಳಗೆ ಬಿಡುತ್ತಾರೆ ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಮುಖ್ಯ ಕಾರಣ. ಈ ಹೋಟೆಲನ್ನು ಊಟದ ಮೇಜಿನ ಕಡೆಯಿಂದ ನೋಡಿದರೆ ಅದರ ಇತಿಹಾಸ ಬೇಗ ಅರ್ಥವಾಗುತ್ತದೆ. ಹೆಸರು ಇಂಗ್ಲಿಷ್ ಅಧಿಕಾರಿಯದು. ಆದರೆ ಅದನ್ನು ಕಟ್ಟಿ ಬೆಳೆಸಿದವರು, ಅಲ್ಲಿ ಅಡುಗೆ ಮಾಡಿದವರು, ಬಾಗಿಲು ಕಾದವರು ಬೇರೆ ಬೇರೆ ಊರುಗಳಿಂದ ಹೊಟ್ಟೆಪಾಡಿಗೆ ಬಂದ ಏಷ್ಯಾದ ಜನ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಹೋಟೆಲ್ ಎಲ್ಲಿದೆ? ತಲುಪುವುದು ಹೇಗೆ?

ವಿಳಾಸ 1, ಬೀಚ್ ರೋಡ್. ಮೆಟ್ರೋದಲ್ಲಿ ಬರುವವರಿಗೆ ಸಿಟಿ ಹಾಲ್ ಮತ್ತು ಎಸ್ಪ್ಲನೇಡ್ ನಿಲ್ದಾಣಗಳು ಹತ್ತಿರ. ಎರಡೂ ಕಡೆಯಿಂದ ಕೆಲವೇ ನಿಮಿಷದ ನಡಿಗೆ. ಚಾಂಗಿ ವಿಮಾನ ನಿಲ್ದಾಣದಿಂದ ನೇರವಾಗಿ ಬರುವುದಾದರೆ ತಾನಾ ಮೆರಾದಲ್ಲಿ ರೈಲು ಬದಲಿಸಿ ಸಿಟಿ ಹಾಲ್‌ನಲ್ಲಿ ಇಳಿಯಿರಿ. ಒಂದು ಎಚ್ಚರಿಕೆ: ಇದೇ ಮೆಟ್ರೋದಲ್ಲಿ "ರಾಫಲ್ಸ್ ಪ್ಲೇಸ್" ಎಂಬ ನಿಲ್ದಾಣವೂ ಇದೆ. ಹೆಸರು ನೋಡಿ ಅಲ್ಲಿ ಇಳಿದರೆ ಬ್ಯಾಂಕುಗಳ ನಡುವೆ ನಿಂತಿರುತ್ತೀರಿ, ಹೋಟೆಲ್ ಇನ್ನೂ ಒಂದು ಸ್ಟಾಪ್ ದೂರವಿರುತ್ತದೆ.

ಬೀಚ್ ರೋಡ್ ಅಂತಾರೆ, ಸಮುದ್ರವೇ ಕಾಣುವುದಿಲ್ಲವಲ್ಲ?

ಹೋಟೆಲ್ ಶುರುವಾದಾಗ ರಸ್ತೆಯ ಆಚೆಗೇ ಸಮುದ್ರವಿತ್ತು. ವರಾಂಡದಲ್ಲಿ ಕೂತರೆ ಲಂಗರು ಹಾಕಿದ ಹಡಗುಗಳು ಕಾಣುತ್ತಿದ್ದವು. ಆಮೇಲೆ ಹಂತಹಂತವಾಗಿ ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡಿದರು, ದಡ ದೂರ ಸರಿಯಿತು. ಈಗ ಹೋಟೆಲಿಗೂ ನೀರಿಗೂ ನಡುವೆ ರಸ್ತೆಗಳು, ಎತ್ತರದ ಕಟ್ಟಡಗಳು ಎದ್ದಿವೆ.

ಈ ಹೋಟೆಲ್ ಕಟ್ಟಿಸಿದ್ದು ಸ್ಟ್ಯಾಮ್‌ಫರ್ಡ್ ರಾಫಲ್ಸೇ?

ಅಲ್ಲ. ರಾಫಲ್ಸ್ 1819ರಲ್ಲಿ ಸಿಂಗಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೆಲೆ ಹಾಕಿದ ಅಧಿಕಾರಿ. ಹೋಟೆಲ್ ತೆರೆಯುವ ಹೊತ್ತಿಗೆ ಅವನು ಸತ್ತು ಅರವತ್ತು ವರ್ಷ ದಾಟಿತ್ತು. ಹೋಟೆಲ್ ತೆರೆದವರು ಸಾರ್ಕೀಸ್ ಸಹೋದರರು, ಪರ್ಷಿಯಾದ ಇಸ್ಫಹಾನ್ ಕಡೆಯ ಅರ್ಮೇನಿಯನ್ನರು. ಮಾರ್ಟಿನ್, ಟಿಗ್ರಾನ್, ಅವಿಯೆತ್, ಅರ್ಶಕ್ ಎಂಬ ನಾಲ್ವರಲ್ಲಿ ಸಿಂಗಪುರದ ಹೊಣೆ ಹೊತ್ತವನು ಟಿಗ್ರಾನ್. ಪೆನಾಂಗಿನ ಈಸ್ಟರ್ನ್ ಆ್ಯಂಡ್ ಓರಿಯೆಂಟಲ್, ರಂಗೂನಿನ ಸ್ಟ್ರ್ಯಾಂಡ್ ಹೋಟೆಲ್ ಕೂಡ ಇದೇ ಮನೆತನದವು.

ಜಾಗ ಸಾರ್ಕೀಸರದಲ್ಲ. ಅದು ಅರಬ್ ವರ್ತಕ ಸೈಯದ್ ಮೊಹಮ್ಮದ್ ಅಲ್ಸಗಾಫ್ ಅವರದಾಗಿತ್ತು. ಅಲ್ಲಿ ಮೊದಲೇ ಒಂದು ಹಳೆಯ ಬಂಗಲೆ ಇತ್ತು. ಸ್ವಲ್ಪ ಕಾಲ ಎಮರ್ಸನ್ಸ್ ಹೋಟೆಲ್ ಎಂದು ನಡೆದು, ನಂತರ ಪಕ್ಕದ ರಾಫಲ್ಸ್ ಇನ್‌ಸ್ಟಿಟ್ಯೂಷನ್ ಶಾಲೆಯ ಹಾಸ್ಟೆಲ್ ಆಗಿತ್ತು. ಅದನ್ನೇ ಬಾಡಿಗೆಗೆ ಹಿಡಿದು 1887ರ ಡಿಸೆಂಬರ್ 1ರಂದು ಹತ್ತು ಕೋಣೆಗಳ ಹೋಟೆಲ್ ಆರಂಭಿಸಿದರು. ನಮ್ಮ ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲಿನ ಚರಿತ್ರೆಯೂ 1887ರಿಂದಲೇ ಶುರುವಾಗುತ್ತದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪೂರ್ವಕ್ಕೆ ಬರುವ ಹಡಗುಗಳೂ ಪ್ರಯಾಣಿಕರೂ ಹೆಚ್ಚಿದರು. ಬಂದವರಿಗೆ ಇಳಿದುಕೊಳ್ಳಲು ಒಳ್ಳೆಯ ಜಾಗ ಬೇಕಾಗಿತ್ತು.

ಈಗ ಕಾಣುವುದು 1887ರ ಕಟ್ಟಡವೇ?

ಆ ಬಂಗಲೆ ಈಗಿಲ್ಲ. ಮೊದಲು ಅಕ್ಕಪಕ್ಕದಲ್ಲಿ ರೆಕ್ಕೆಗಳು ಸೇರಿದವು, 1894ರಲ್ಲಿ ಪಾಮ್ ಕೋರ್ಟ್ ಭಾಗ ಬಂತು. ಮೂಲ ಬಂಗಲೆ ಇದ್ದ ಜಾಗದಲ್ಲೇ 1899ರಲ್ಲಿ ಮೂರಂತಸ್ತಿನ ಮುಖ್ಯ ಕಟ್ಟಡ ಎದ್ದಿತು. ಅದರ ವಿನ್ಯಾಸ ಸ್ವಾನ್ ಆ್ಯಂಡ್ ಮೆಕ್ಲಾರೆನ್ ಸಂಸ್ಥೆಯ ಆರ್. ಎ. ಜೆ. ಬಿಡ್ವೆಲ್ ಅವರದು. ವಿದ್ಯುತ್ ದೀಪ, ವಿದ್ಯುತ್ ಫ್ಯಾನ್ ಆಗಿನ ಸಿಂಗಪುರಕ್ಕೆ ಹೊಸತು, ಅವು ಇಲ್ಲಿಗೆ ಬಂದವು. 1904ರಲ್ಲಿ ಬ್ರಾಸ್ ಬಾಸಾ ರಸ್ತೆಯ ಕಡೆಯ ಭಾಗ ಸೇರಿತು.

ಏರ್ ಕಂಡೀಷನರ್ ಇಲ್ಲದ ಕಾಲದಲ್ಲಿ ಸಮಭಾಜಕ ವೃತ್ತದ ಪಕ್ಕದ ಸೆಕೆಯನ್ನು ಹೇಗೆ ತಡೆದುಕೊಂಡರು ಎಂಬುದು ಕಟ್ಟಡ ನೋಡಿದರೆ ತಿಳಿಯುತ್ತದೆ. ಎತ್ತರದ ಚಾವಣಿ, ಬಿಸಿ ಗಾಳಿ ಮೇಲೇರಲು. ಕೋಣೆಗಳ ಮುಂದೆ ಅಗಲವಾದ ವರಾಂಡ, ಬಿಸಿಲೂ ಇರಚಲೂ ಗೋಡೆಗೆ ತಾಕದಂತೆ. ನಡುವೆ ಗಿಡಮರಗಳ ಅಂಗಳ. ನಮ್ಮ ತೊಟ್ಟಿಮನೆಯವರಿಗೆ ಈ ಲೆಕ್ಕಾಚಾರ ಹೇಳಿಕೊಡಬೇಕಾಗಿಲ್ಲ.

ಹೋಟೆಲಿನ ಚಿಹ್ನೆಯಲ್ಲಿರುವ ಮರವನ್ನು ಅಂಗಳದಲ್ಲೇ ನೋಡಬಹುದು: ಟ್ರಾವೆಲರ್ಸ್ ಪಾಮ್. ಬಾಳೆ ಎಲೆಯಂಥ ಎಲೆಗಳು ಬೀಸಣಿಗೆ ಬಿಚ್ಚಿದಂತೆ ಒಂದೇ ಸಾಲಿನಲ್ಲಿ ಹರಡಿರುತ್ತವೆ. ಹೆಸರಲ್ಲಿ ಪಾಮ್ ಇದ್ದರೂ ಇದು ತೆಂಗು, ಅಡಿಕೆಯ ಜಾತಿಯದಲ್ಲ. ಮೂಲ ಮಡಗಾಸ್ಕರ್. ಎಲೆಯ ಬುಡದಲ್ಲಿ ಮಳೆನೀರು ನಿಲ್ಲುತ್ತದೆ.

ಬಿಲಿಯರ್ಡ್ಸ್ ಮೇಜಿನ ಕೆಳಗೆ ಹುಲಿ ಹೊಡೆದರಂತೆ, ನಿಜವೇ?

ಹುಲಿ ನಿಜ, ಮೇಜು ಸುಳ್ಳು. 1902ರ ಆಗಸ್ಟ್‌ನಲ್ಲಿ ಹತ್ತಿರದ ಒಂದು ಪ್ರದರ್ಶನದಿಂದ ತಪ್ಪಿಸಿಕೊಂಡ ಹುಲಿ ಬಾರ್ ಆ್ಯಂಡ್ ಬಿಲಿಯರ್ಡ್ ರೂಮಿನ ಅಡಿ ಸೇರಿಕೊಂಡಿತು. ಆ ಕಟ್ಟಡ ಕಂಬಗಳ ಮೇಲೆ ನೆಲದಿಂದ ಎತ್ತರಕ್ಕೆ ನಿಂತಿತ್ತು. ಹುಲಿ ಅಡಗಿದ್ದು ಆ ನೆಲಹಾಸಿನ ಕೆಳಗಿನ ಖಾಲಿ ಜಾಗದಲ್ಲಿ. ಪಕ್ಕದ ರಾಫಲ್ಸ್ ಇನ್‌ಸ್ಟಿಟ್ಯೂಷನ್‌ನ ಮುಖ್ಯಸ್ಥ ಸಿ. ಎಂ. ಫಿಲಿಪ್ಸ್ ಎಂಬವರನ್ನು ಕರೆಸಿ ಗುಂಡು ಹೊಡೆಸಿದರು. ಬಾಯಿಂದ ಬಾಯಿಗೆ ಹೋಗುತ್ತಾ "ರೂಮಿನ ಕೆಳಗೆ" ಎನ್ನುವುದು "ಮೇಜಿನ ಕೆಳಗೆ" ಆಯಿತು. ಸಿಂಗಪುರದ ಕೊನೆಯ ಕಾಡುಹುಲಿ ಇದೇ ಎಂಬ ಮಾತೂ ತಪ್ಪು, ಇದು ಸಾಕಿದ ಹುಲಿ.

ಎರಡನೇ ಮಹಾಯುದ್ಧದಲ್ಲಿ ಹೋಟೆಲಿಗೆ ಏನಾಯಿತು?

1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಅದಕ್ಕೆ ಮೊದಲೇ ಹೋಟೆಲಿನ ಸಿಬ್ಬಂದಿ ಬೆಳ್ಳಿಯ ಸಾಮಾನುಗಳನ್ನು ಪಾಮ್ ಕೋರ್ಟ್ ಅಂಗಳದಲ್ಲಿ ಹೂತಿಟ್ಟರು. ಹುರಿದ ಮಾಂಸವನ್ನು ಮೇಜಿಂದ ಮೇಜಿಗೆ ತಳ್ಳಿಕೊಂಡು ಹೋಗಿ ಎದುರಿಗೇ ಕೊಯ್ದು ಬಡಿಸುವ ದೊಡ್ಡ ಬೆಳ್ಳಿ ಗಾಡಿಯೂ ಅದರಲ್ಲಿ ಸೇರಿತ್ತು. ಆಕ್ರಮಣದ ಕಾಲದಲ್ಲಿ ಹೋಟೆಲಿಗೆ ಸ್ಯೋನಾನ್ ರ್ಯೋಕಾನ್ ಎಂದು ಹೆಸರಿಟ್ಟು ಜಪಾನಿ ಅಧಿಕಾರಿಗಳು ಬಳಸಿದರು. 1945ರ ನಂತರ ಬಿಡುಗಡೆಯಾದ ಯುದ್ಧಕೈದಿಗಳನ್ನು ಊರಿಗೆ ಕಳಿಸುವ ಮೊದಲು ಇಳಿಸುವ ಶಿಬಿರವಾಯಿತು. ಹೂತಿಟ್ಟ ಬೆಳ್ಳಿಗಾಡಿ ಮಣ್ಣಿಂದ ಮತ್ತೆ ಮೇಲೆ ಬಂತು.

ಈಗಲೂ ಅದೇ ಮನೆತನದವರ ಕೈಯಲ್ಲಿದೆಯೇ?

ಇಲ್ಲ. ಟಿಗ್ರಾನ್ 1912ರಲ್ಲಿ ತೀರಿಕೊಂಡ. 1929ರ ನಂತರದ ಆರ್ಥಿಕ ಕುಸಿತದಲ್ಲಿ ಮಲಯಾದ ರಬ್ಬರ್ ಬೆಲೆ ನೆಲಕಚ್ಚಿತು. ಖರ್ಚು ಮಾಡುತ್ತಿದ್ದ ತೋಟದ ಮಾಲೀಕರೇ ಬರುವುದು ನಿಂತಿತು. 1931ರಲ್ಲಿ ಸಾರ್ಕೀಸರ ಸಂಸ್ಥೆ ದಿವಾಳಿಯಾಯಿತು, 1933ರಲ್ಲಿ ಹೋಟೆಲನ್ನು ನಡೆಸಲು ಹೊಸ ಕಂಪನಿ ರಚನೆಯಾಯಿತು.

ನೂರು ವರ್ಷ ತುಂಬಿದ 1987ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. 1989ರಿಂದ 1991ರವರೆಗೆ ಮುಚ್ಚಿ, 1915ರ ಸುಮಾರಿನ ರೂಪವನ್ನು ಮಾದರಿಯಾಗಿಟ್ಟುಕೊಂಡು ಜೀರ್ಣೋದ್ಧಾರ ಮಾಡಿದರು. ಅಂಗಡಿಗಳಿರುವ ಆರ್ಕೇಡ್ ಕಟ್ಟಿದ್ದೂ ಆಗಲೇ. ನೋಡುವಾಗ ಇದು ನೆನಪಿರಲಿ: ಹಳೆಯದರಂತೆ ಕಾಣುವ ಎಲ್ಲವೂ ಹಳೆಯದಲ್ಲ. ಇನ್ನೊಂದು ದೊಡ್ಡ ದುರಸ್ತಿ 2017ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಈಗ 115 ಸ್ವೀಟ್‌ಗಳಿವೆ (ಮಲಗುವ ಜಾಗದ ಜೊತೆ ಕೂರುವ ಜಾಗವೂ ಇರುವ ದೊಡ್ಡ ಕೋಣೆಗಳು), ಸಾಮಾನ್ಯ ರೂಮ್ ಎಂಬುದೇ ಇಲ್ಲ. ಮಾಲೀಕತ್ವ ಕತಾರ್ ದೇಶದ ಕತಾರಾ ಹಾಸ್ಪಿಟಾಲಿಟಿಯದು, ನಡೆಸುವುದು ಫ್ರಾನ್ಸಿನ ಅಕೋರ್ ಸಂಸ್ಥೆ.

ರೂಮ್ ತೆಗೆದುಕೊಳ್ಳದೆ ಒಳಗೆ ಹೋಗಬಹುದೇ?

ಖಂಡಿತ. ಆರ್ಕೇಡ್, ಅದರ ಅಂಗಳಗಳು, ಅಂಗಡಿಗಳು ಎಲ್ಲರಿಗೂ ತೆರೆದಿವೆ. ಟಿಫಿನ್ ರೂಮ್ ಎಂಬ ಊಟದ ಕೋಣೆ, ಗ್ರ್ಯಾಂಡ್ ಲಾಬಿಯ ಚಹಾ, ಲಾಂಗ್ ಬಾರ್ ಹೊರಗಿನವರಿಗೂ ಇವೆ. ಸ್ವೀಟ್‌ಗಳಿರುವ ಮಹಡಿಗಳು, ಅವುಗಳ ಎದುರಿನ ವರಾಂಡ ಮಾತ್ರ ಉಳಿದುಕೊಂಡವರಿಗೆ ಮೀಸಲು. ಮುಖ್ಯ ಬಾಗಿಲಲ್ಲಿ "ಸುಮ್ಮನೆ ನೋಡಿಕೊಂಡು ಬರುತ್ತೇವೆ" ಎಂದರೆ ನಯವಾಗಿ ಆರ್ಕೇಡ್ ಕಡೆ ಕಳಿಸುತ್ತಾರೆ. ಮುಖ್ಯ ಕಟ್ಟಡದ ಒಳಗನ್ನು ನೋಡಲೇಬೇಕು ಎನ್ನುವವರು ಟಿಫಿನ್ ರೂಮಿನಲ್ಲಿ ಊಟವನ್ನೋ ಲಾಬಿಯಲ್ಲಿ ಚಹಾವನ್ನೋ ಮುಂಚಿತವಾಗಿ ಕಾದಿರಿಸಿ. ಬುಕಿಂಗ್ ಇದ್ದರೆ ಅದೇ ನಿಮ್ಮ ಟಿಕೆಟ್.

ಬಟ್ಟೆಯ ನಿಯಮ ಏನು?

ಊಟದ ಕೋಣೆಗಳಲ್ಲಿ ಅಚ್ಚುಕಟ್ಟಾದ ಉಡುಪು ಸಾಕು, ಕೋಟು ಬೇಡ. ಗಂಡಸರು ತೋಳಿಲ್ಲದ ಬನಿಯನ್, ಬಾತ್‌ರೂಮ್ ಚಪ್ಪಲಿ ತೊಟ್ಟು ಹೋದರೆ ತಡೆಯುತ್ತಾರೆ. ರಾತ್ರಿ ಊಟಕ್ಕೆ ಉದ್ದ ಪ್ಯಾಂಟು, ಶೂ ಇರಲಿ. ಸೀರೆ, ಚೂಡಿದಾರ್, ಕುರ್ತಾ ಧಾರಾಳವಾಗಿ ನಡೆಯುತ್ತವೆ. ಒಳಗಿನ ಎ.ಸಿ. ತೀರಾ ತಣ್ಣಗಿರುತ್ತದೆ, ವಯಸ್ಸಾದವರು ಜೊತೆಗಿದ್ದರೆ ಒಂದು ಶಾಲು ಇಟ್ಟುಕೊಳ್ಳಿ.

ಟಿಫಿನ್ ರೂಮಿನಲ್ಲಿ ಇಡ್ಲಿ ವಡೆ ಸಿಗುತ್ತದೆಯೇ?

ಆ ಆಸೆ ಇಟ್ಟುಕೊಂಡು ಹೋಗಬೇಡಿ. ಇಲ್ಲಿಯದು ಉತ್ತರ ಭಾರತದ ಅಡುಗೆ: ತಂದೂರಿನ ಪದಾರ್ಥಗಳು, ದಾಲ್, ಬಿರಿಯಾನಿ, ರೊಟ್ಟಿ, ಗಟ್ಟಿ ಗ್ರೇವಿಗಳು. ಸ್ಟೀಲಿನ ಊಟದ ಕ್ಯಾರಿಯರ್ ನಮ್ಮಲ್ಲಿ ಹೇಗೆ ಒಂದರ ಮೇಲೊಂದು ಕೂರುತ್ತದೋ ಅದೇ ರೀತಿಯ ಡಬ್ಬಿಯಲ್ಲಿ ಬಡಿಸುವ ಊಟ ಇಲ್ಲಿನ ವಿಶೇಷ. ಒಂದೊಂದು ಡಬ್ಬಿಯಲ್ಲಿ ಒಂದೊಂದು ಬಗೆ.

ಟಿಫಿನ್ ಎಂಬ ಹೆಸರು ಸಾರ್ಕೀಸರ ವ್ಯವಹಾರಕ್ಕೆ ಸೇರಿದ್ದು 1892ರಲ್ಲಿ. ಮುಖ್ಯ ಕಟ್ಟಡದ ಈಗಿನ ಜಾಗಕ್ಕೆ ಟಿಫಿನ್ ರೂಮ್ ಬಂದಿದ್ದು 1976ರಲ್ಲಿ. ಬಹಳ ಕಾಲ ಇಲ್ಲಿ ಕರಿ ಬಫೆ ನಡೆಯುತ್ತಿತ್ತು. ಹಳೆಯ ಪ್ರವಾಸ ಬರಹಗಳನ್ನು ಓದಿ ಅದನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯಾಗುತ್ತದೆ.

ಹಾಗಾದರೆ ಆ ಕಾಲದ "ಕರಿ ಟಿಫಿನ್" ಹೇಗಿತ್ತು?

ಇದು ಮಧ್ಯಾಹ್ನದ ಭಾರಿ ಊಟ. ಮೊದಲು ಮಲ್ಲಿಗಟಾನಿ ಸೂಪು. ಮದ್ರಾಸಿನ ಮಿಳಗು ತಣ್ಣಿ, ಅಂದರೆ ನಮ್ಮ ಮೆಣಸಿನ ಸಾರಿನ ಬಂಧು, ಇಂಗ್ಲಿಷರ ಕೈಗೆ ಸಿಕ್ಕಿ ಮಾಂಸ, ಹಿಟ್ಟು ಸೇರಿ ಗಟ್ಟಿಯಾದ ರೂಪ. ಆಮೇಲೆ ಅನ್ನ, ಕೋಳಿಯದೋ ಮೀನಿನದೋ ಕರಿ. ಸುತ್ತ ಚಿಕ್ಕ ಬಟ್ಟಲುಗಳಲ್ಲಿ ಹಪ್ಪಳ, ಮಾವಿನ ಚಟ್ನಿ, ಕಾಯಿತುರಿ, ಹೆಚ್ಚಿದ ಬಾಳೆಹಣ್ಣು, ಸೌತೆಕಾಯಿ, ಒಣಮೀನು, ಉಪ್ಪಿನಕಾಯಿ. ತಿಂದವರು ಮಲಗದೆ ಬೇರೆ ದಾರಿ ಇರಲಿಲ್ಲ.

ಗಮನಿಸಬೇಕಾದ್ದು ಇದನ್ನು ಯಾರು ಬೇಯಿಸುತ್ತಿದ್ದರು ಎಂಬುದನ್ನು. ಆ ಕಾಲದ ಸಿಂಗಪುರದಲ್ಲಿ ಯುರೋಪಿಯನ್ ಮನೆ, ಕ್ಲಬ್, ಹೋಟೆಲುಗಳ ಅಡುಗೆಮನೆಯಲ್ಲಿ ಹೆಚ್ಚಾಗಿ ಇದ್ದವರು ಚೀನಾದ ಹೈನಾನ್ ದ್ವೀಪದಿಂದ ಬಂದವರು. ಅವರು ಬರುವ ಹೊತ್ತಿಗೆ ಚೀನಾದಿಂದಲೇ ಮೊದಲು ಬಂದ ಹೊಕ್ಕಿಯೆನ್, ತಿಯೋಚಿಯು ಜನ ವ್ಯಾಪಾರವನ್ನೆಲ್ಲ ಹಿಡಿದಿದ್ದರು. ತಡವಾಗಿ ಬಂದವರಿಗೆ ಉಳಿದದ್ದು ಅಡುಗೆ, ಬಡಿಸುವ ಕೆಲಸ, ಬಾರು, ಹಡಗಿನ ಚಾಕರಿ. ಭಾರತದ ಮಸಾಲೆ ಪುಡಿ, ಮಲಯಾದ ತೆಂಗಿನ ಹಾಲು ಮತ್ತು ಮಜ್ಜಿಗೆಹುಲ್ಲು, ಇಂಗ್ಲಿಷರ ನಾಲಿಗೆಗೆ ಬೇಕಾದಷ್ಟೇ ಖಾರ, ಇವೆಲ್ಲ ಸೇರಿ ಹೈನಾನೀಸ್ ಕರಿ ಎಂಬ ಬೇರೆಯದೇ ಅಡುಗೆ ಹುಟ್ಟಿತು. ಹೋಟೆಲಿನ ಪಕ್ಕದ ಸಿಯಾ ಸ್ಟ್ರೀಟ್, ಅದರಾಚೆಯ ಪರ್ವಿಸ್ ಸ್ಟ್ರೀಟ್, ಮಿಡಲ್ ರೋಡ್ ಈ ಮೂರೂ ಹೈನಾನೀಸರ ಕೇರಿಗಳಾಗಿದ್ದವು. ಹೈನಾನೀಸ್ ಚಿಕನ್ ರೈಸ್, ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿ ಕರಿದು ಟೊಮೆಟೊ ಸಾಸು, ಬಟಾಣಿ ಜೊತೆ ಕೊಡುವ ಪೋರ್ಕ್ ಚಾಪ್ ಈಗಲೂ ಆ ಬೀದಿಗಳಲ್ಲಿ ಸಿಗುತ್ತವೆ. ಮಾಂಸ ತಿನ್ನುವವರಿಗೆ ನಮ್ಮ ಸಲಹೆ ಇದು: ಹೋಟೆಲಿನೊಳಗೆ ಒಂದು ಹೊತ್ತು, ಪರ್ವಿಸ್ ಸ್ಟ್ರೀಟಿನಲ್ಲಿ ಒಂದು ಹೊತ್ತು ಉಣ್ಣಿ. ಎರಡನ್ನೂ ಉಂಡಾಗಲೇ ರಾಫಲ್ಸಿನ ಊಟದ ಕಥೆ ಪೂರ್ತಿಯಾಗುವುದು.

ರಾಫಲ್ಸಿನ ಊಟಕ್ಕೆ ಮೊದಲಿಂದಲೂ ಒಳ್ಳೆಯ ಹೆಸರಿತ್ತೇ?

ಇತ್ತು, ರೂಮುಗಳಿಗೆ ಇರಲಿಲ್ಲ. 1889ರಲ್ಲಿ ಇಲ್ಲಿಗೆ ಬಂದ ರಡ್ಯಾರ್ಡ್ ಕಿಪ್ಲಿಂಗ್ ಊಟ ಎಷ್ಟು ಚೆನ್ನಾಗಿದೆಯೋ ಕೋಣೆಗಳು ಅಷ್ಟೇ ಕೆಟ್ಟದಾಗಿವೆ, ಉಣ್ಣುವುದು ರಾಫಲ್ಸಿನಲ್ಲಿ, ಮಲಗುವುದು ಬೇರೆ ಹೋಟೆಲಿನಲ್ಲಿ ಎಂಬರ್ಥದಲ್ಲಿ ಬರೆದ. ಸಾರ್ಕೀಸರು ಮೊದಲರ್ಧವನ್ನು ಜಾಹೀರಾತಿಗೆ ಬಳಸಿಕೊಂಡರು. ಹತ್ತು ವರ್ಷ ಕಳೆದು 1899ರ ಹೊಸ ಕಟ್ಟಡ ಬಂದಮೇಲೆ ಕೋಣೆಗಳ ಮೇಲಿನ ದೂರಿಗೂ ಉತ್ತರ ಸಿಕ್ಕಿತು.

ನಾವು ಶುದ್ಧ ಸಸ್ಯಾಹಾರಿಗಳು. ಊಟ ಮಾಡಬಹುದೇ?

ಟಿಫಿನ್ ರೂಮಿನಲ್ಲಿ ನೆಮ್ಮದಿಯಾಗಿ ಮಾಡಬಹುದು, ಭಾರತೀಯ ಅಡುಗೆಯವರಿಗೆ ನಿಮ್ಮ ಮಾತು ಅರ್ಥವಾಗುತ್ತದೆ. ಉಳಿದ ಕಡೆ "ವೆಜಿಟೇರಿಯನ್" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಸಿಂಗಪುರದಲ್ಲಿ ಆ ಮಾತಿನೊಳಗೆ ಮೊಟ್ಟೆ ಸೇರಿರುವುದು ಸಾಮಾನ್ಯ. ತೊಂದರೆ ಬರುವುದು ಕಣ್ಣಿಗೆ ಕಾಣುವ ಮಾಂಸದಿಂದಲ್ಲ, ಕಾಣದ ನಾಲ್ಕೈದು ಪದಾರ್ಥಗಳಿಂದ: ಸಾಂಬಾಲ್ ಚಟ್ನಿಯಲ್ಲಿ ಬೆಲಾಚಾನ್ ಎಂಬ ಸಿಗಡಿ ಮುದ್ದೆ, ಹುರಿದ ತರಕಾರಿಯಲ್ಲಿ ಆಯ್‌ಸ್ಟರ್ ಸಾಸ್, ಸೂಪಿನಲ್ಲಿ ಕೋಳಿಯ ಕಟ್ಟು, ಸಿಹಿತಿಂಡಿಯಲ್ಲಿ ಜೆಲಟಿನ್, ಕೇಕಿನಲ್ಲಿ ಮೊಟ್ಟೆ. ಕಾದಿರಿಸುವಾಗಲೇ ಬರವಣಿಗೆಯಲ್ಲಿ ತಿಳಿಸಿ: ಮಾಂಸ, ಮೀನು, ಸಿಗಡಿ ಮುದ್ದೆ, ಮೊಟ್ಟೆ, ಜೆಲಟಿನ್ ಬೇಡ. ಈರುಳ್ಳಿ ಬೆಳ್ಳುಳ್ಳಿ ಬೇಡವಾದರೆ ಅದನ್ನೂ ಹೇಳಿ. ಗ್ರೇವಿಗಳ ಬುನಾದಿಯಲ್ಲೇ ಅವು ಇರುವುದರಿಂದ ಮೇಜಿಗೆ ಬಂದ ಮೇಲೆ ಹೇಳಿದರೆ ತೆಗೆಯಲು ಆಗುವುದಿಲ್ಲ. ಎರಡು ದಿನ ಮುಂಚೆ ತಿಳಿಸಿದರೆ ಅಡುಗೆಮನೆಗೂ ಅನುಕೂಲ. ಹೋದ ಮೇಲೆ ಬಡಿಸುವವರಿಗೆ ಇನ್ನೊಮ್ಮೆ ನೆನಪಿಸಿ.

ಮಧ್ಯಾಹ್ನದ ಚಹಾ ಎಂದರೆ ಏನೇನು ಬರುತ್ತದೆ? ತಿನ್ನುವ ಕ್ರಮ ಇದೆಯೇ?

ಮೂರಂತಸ್ತಿನ ಸ್ಟ್ಯಾಂಡಿನಲ್ಲಿ ಚಿಕ್ಕ ಸ್ಯಾಂಡ್‌ವಿಚ್‌ಗಳು, ಸಿಹಿ ತಿಂಡಿಗಳು. ಜೊತೆಗೆ ಬಿಸಿ ಸ್ಕೋನ್ (ಚಿಕ್ಕ ಬನ್ನಿನಂಥದು), ಗಟ್ಟಿ ಕೆನೆ, ಜಾಮ್. ಉಪ್ಪಿನದರಿಂದ ಶುರುಮಾಡಿ ಸಿಹಿಗೆ ಹೋಗುವುದು ರೂಢಿ. ಸ್ಕೋನ್ ಮಾತ್ರ ಬಂದ ಕೂಡಲೇ ತಿನ್ನಿ. ಆರಿದರೆ ಒಣಗಿ ಹಿಟ್ಟು ಹಿಟ್ಟಾಗುತ್ತದೆ, ಕೆನೆ ಹಚ್ಚಿದರೂ ಸರಿಹೋಗದು. ಚಾಕುವಿನಿಂದ ಕೊಯ್ಯಬೇಡಿ. ನಡುವಿನಲ್ಲಿ ಸಹಜವಾಗಿ ಬಿರುಕು ಇರುತ್ತದೆ, ಅಲ್ಲಿಂದ ಕೈಯಲ್ಲೇ ಬಿಡಿಸಿ.

ಚಹಾ ನಮ್ಮ ಮನೆಯ ಹಾಗೆ ಹಾಲು ಸಕ್ಕರೆ ಹಾಕಿ ಕುದಿಸಿದ್ದಲ್ಲ. ಡಾರ್ಜಿಲಿಂಗ್ ತೆಗೆದುಕೊಂಡು ಹಾಲು ಸುರಿದರೆ ಪರಿಮಳವೂ ಇಲ್ಲ, ಕಡಕ್ಕೂ ಇಲ್ಲ. ಹಾಲು ಬೇಕೇ ಬೇಕು ಎನ್ನುವವರು ಅಸ್ಸಾಂ ಅಥವಾ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಹೇಳಿ, ನಾಲ್ಕೈದು ನಿಮಿಷ ಬಿಡಿ, ಬಿಸಿ ಹಾಲನ್ನು ಬೇರೆ ಕೇಳಿ. ಶನಿವಾರ, ಭಾನುವಾರದ ಜಾಗಗಳು ಬೇಗ ತುಂಬುತ್ತವೆ. ಚಹಾ ಇದ್ದ ದಿನ ಮಧ್ಯಾಹ್ನದ ಊಟ ಬಿಟ್ಟುಬಿಡಿ, ಇದೇ ಒಂದು ಊಟವಾಗುತ್ತದೆ.

ಲಾಂಗ್ ಬಾರಿನಲ್ಲಿ ಕಡಲೆಕಾಯಿ ಸಿಪ್ಪೆಯನ್ನು ನೆಲಕ್ಕೇ ಹಾಕುತ್ತಾರಂತೆ?

ಹೌದು, ಹಾಕಬಹುದು. ಬೀದಿಯಲ್ಲಿ ಕಸ ಎಸೆದರೆ ದಂಡ ಹಾಕುವ ಊರಿನಲ್ಲಿ ಇದೊಂದು ಹಳೆಯ ರೂಢಿ ಉಳಿದುಕೊಂಡಿದೆ. ಮೇಜಿನ ಮೇಲೆ ಗೋಣಿಚೀಲದ ತುಂಬ ಸಿಪ್ಪೆ ಸಮೇತದ ಕಡಲೆಕಾಯಿ ಇಟ್ಟಿರುತ್ತಾರೆ. ಬಿಡಿಸಿ, ಬೀಜ ಬಾಯಿಗೆ, ಸಿಪ್ಪೆ ನೆಲಕ್ಕೆ. ಕಾಲಿಟ್ಟಲ್ಲೆಲ್ಲ ಕರಕರ ಸದ್ದು. 1920ರ ದಶಕದ ಮಲಯಾ ತೋಟಗಳ ಬಂಗಲೆಯಂತೆ ಬಾರನ್ನು ಅಲಂಕರಿಸಿದ್ದಾರೆ. ಚಾವಣಿಯಲ್ಲಿ ಎಲೆಯಾಕಾರದ ಬೀಸಣಿಗೆಗಳ ಸಾಲು ಒಟ್ಟಿಗೆ ಅತ್ತಿತ್ತ ತೂಗುತ್ತಿರುತ್ತದೆ. ಹಿಂದೆ ಆಳು ಕೂತು ಹಗ್ಗ ಎಳೆಯುತ್ತಿದ್ದ ಪಂಖಾದ ನೆನಪು ಅದು, ಈಗ ಮೋಟಾರು ಎಳೆಯುತ್ತದೆ.

ಎರಡು ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಕಡಲೆಕಾಯಿ ಅಲರ್ಜಿ ಇರುವವರು, ಮುಖ್ಯವಾಗಿ ಮಕ್ಕಳಿಗೆ ಇದ್ದರೆ, ಈ ಬಾರಿಗೆ ಹೋಗಲೇಬಾರದು. ಮೇಜು, ಕುರ್ಚಿ, ನೆಲ ಎಲ್ಲ ಕಡೆ ಅದರ ಪುಡಿ ಇರುತ್ತದೆ, ತಿನ್ನದೆ ಕೂತರೂ ಅಪಾಯ ತಪ್ಪಿದ್ದಲ್ಲ. ಎರಡನೆಯದು, ಸಿಪ್ಪೆ ಜಾರುತ್ತದೆ, ಎತ್ತರದ ಹಿಮ್ಮಡಿ ಬೇಡ. ಬಾರು ಆರ್ಕೇಡ್ ಭಾಗದ ಮೇಲಂತಸ್ತಿನಲ್ಲಿದೆ. ಹಿಂದಿನ ಕಾಲದ ಲಾಂಗ್ ಬಾರ್ ಇದ್ದದ್ದು ಬೇರೆ ಕಡೆ, ಹಾಗಾಗಿ ಹಳೆಯ ಲೇಖಕರು ಕೂತ ಕುರ್ಚಿ ಇಲ್ಲಿ ಹುಡುಕಬೇಡಿ. ಸಾಲು ನಿಲ್ಲುವುದು ಮಾಮೂಲು. ವಾರದ ನಡುವೆ ಮಧ್ಯಾಹ್ನ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಬೇಗ ಜಾಗ ಸಿಗುತ್ತದೆ.

ಸಿಂಗಪುರ್ ಸ್ಲಿಂಗ್ ಹುಟ್ಟಿದ್ದು ಇಲ್ಲೇನಾ?

ಹೋಟೆಲಿನ ಪ್ರಕಾರ 1915ರಲ್ಲಿ ಇಲ್ಲಿನ ಹೈನಾನೀಸ್ ಬಾರ್‌ಟೆಂಡರ್ ಙಿಯಾಮ್ ತೋಂಗ್ ಬೂನ್ ಈ ಜಿನ್ ಕಾಕ್‌ಟೇಲನ್ನು ರೂಪಿಸಿದರು. ಹೆಂಗಸರು ಎಲ್ಲರೆದುರು ಮದ್ಯ ಕುಡಿಯುವುದು ಸಭ್ಯತೆಯಲ್ಲ ಎನ್ನುತ್ತಿದ್ದ ಕಾಲವದು. ನೋಡಲು ಹಣ್ಣಿನ ರಸದಂತಿರುವ ಗುಲಾಬಿ ಬಣ್ಣದ ಪಾನೀಯ ಆ ಕಟ್ಟಳೆಯನ್ನು ನಯವಾಗಿ ದಾಟಿತು. ಜಿನ್ ಸ್ಲಿಂಗ್ ಎಂಬ ಬಗೆ ಅದಕ್ಕೂ ಮೊದಲೇ ಸಿಂಗಪುರದಲ್ಲಿ ಇತ್ತು, ಹಳೆಯ ಪಾಕದಲ್ಲಿ ಅನಾನಸ್ ಇತ್ತೇ ಎಂಬ ಬಗ್ಗೆ ಬಲ್ಲವರಲ್ಲಿ ಜಗಳವಿದೆ. ನಮ್ಮ ಅಭಿಪ್ರಾಯದಲ್ಲಿ ಇಂದು ಲೋಕ ಕುಡಿಯುವ ರೂಪಕ್ಕೆ ಹೆಸರು ತಂದುಕೊಟ್ಟದ್ದು ಈ ಹೋಟೆಲೇ. ಮಾಡಿದವರ ಹೆಸರು ದಾಖಲಾಗಿ ಉಳಿದಿರುವುದಂತೂ ಸಂತೋಷದ ಮಾತು. ಆ ಕಾಲದ ಎಷ್ಟೋ ಅಡುಗೆಯವರ ಹೆಸರು ಎಲ್ಲೂ ಇಲ್ಲ.

ಮನೆಯಲ್ಲಿ ಮಾಡುವುದಾದರೆ ಅಳತೆ ಏನು?

ಒಂದು ಗ್ಲಾಸಿಗೆ ಚಾಲ್ತಿಯಲ್ಲಿರುವ ಅಳತೆ ಹೀಗಿದೆ: ಜಿನ್ 30 ಮಿ.ಲೀ., ಚೆರ್ರಿ ಲಿಕರ್ 15, ಕ್ವಾಂತ್ರೋ (ಕಿತ್ತಳೆ ಲಿಕರ್) 7.5, ಬೆನೆಡಿಕ್ಟಿನ್ (ಗಿಡಮೂಲಿಕೆಯ ಲಿಕರ್) 7.5, ಅನಾನಸ್ ರಸ 120, ನಿಂಬೆರಸ 15, ಗ್ರೆನಡಿನ್ (ದಾಳಿಂಬೆ ಸಿರಪ್) 10, ಅಂಗೊಸ್ಟುರಾ ಬಿಟರ್ಸ್ ಒಂದು ಚಿಮುಕು. 7.5 ಮಿ.ಲೀ. ಎಂದರೆ ಒಂದೂವರೆ ಟೀ ಚಮಚ.

ಅನಾನಸ್ ತಾಜಾ ಇರಲಿ. ಸಿಪ್ಪೆ ತೆಗೆದ ಸುಮಾರು 250 ಗ್ರಾಂ ಹಣ್ಣನ್ನು ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಹಿಂಡಿದರೆ ಒಂದು ಗ್ಲಾಸಿಗೆ ಸಾಕಾಗುವಷ್ಟು ರಸ ಬರುತ್ತದೆ. ಎಲ್ಲವನ್ನೂ ಶೇಕರಿಗೆ ಹಾಕಿ, ಮುಕ್ಕಾಲು ಭಾಗ ಐಸ್ ತುಂಬಿ, ಹದಿನೈದು ಸೆಕೆಂಡು ಬಿರುಸಾಗಿ ಅಲ್ಲಾಡಿಸಿ. ಉದ್ದ ಗ್ಲಾಸಿಗೆ ಹೊಸ ಐಸ್ ಹಾಕಿ ಸೋಸಿ. ಮೇಲೆ ಒಂದು ಹೋಳು ಅನಾನಸ್, ಒಂದು ಚೆರ್ರಿ.

ಕೆಡುವುದು ಎಲ್ಲಿ ಎಂದರೆ: ಮೇಲೆ ನೊರೆ ಬರದಿದ್ದರೆ ಡಬ್ಬಿಯ ರಸ ಬಳಸಿದ್ದೀರಿ ಅಥವಾ ಅಲ್ಲಾಡಿಸಿದ್ದು ಸಾಲದು. ಕೆಮ್ಮಿನ ಔಷಧಿಯ ರುಚಿ ಬಂದರೆ ಚೆರ್ರಿ ಲಿಕರ್ ಮತ್ತು ಗ್ರೆನಡಿನ್ ಜಾಸ್ತಿಯಾಗಿದೆ. ನೀರುನೀರಾದರೆ ಐಸ್ ಪುಡಿಯಾಗಿತ್ತು, ಅಥವಾ ಶೇಕರಿನ ಹಳೆ ಐಸನ್ನೇ ಗ್ಲಾಸಿಗೆ ಸುರಿದಿದ್ದೀರಿ. ಅಂಗಡಿಯ ಕೆಂಪು ಸಿರಪ್‌ಗಿಂತ ಮನೆಯ ಗ್ರೆನಡಿನ್ ಎಷ್ಟೋ ವಾಸಿ: 100 ಮಿ.ಲೀ. ದಾಳಿಂಬೆ ರಸಕ್ಕೆ 100 ಗ್ರಾಂ ಸಕ್ಕರೆ ಹಾಕಿ, ಕುದಿಸದೆ, ಸಕ್ಕರೆ ಕರಗುವಷ್ಟು ಮಾತ್ರ ಬಿಸಿ ಮಾಡಿ. ಕುದಿಸಿದರೆ ಜಾಮಿನ ವಾಸನೆ ಬರುತ್ತದೆ. ಬೆನೆಡಿಕ್ಟಿನ್ ಸಿಗದಿದ್ದರೆ ಬಿಟ್ಟುಬಿಡಿ, ಗಿಡಮೂಲಿಕೆಯ ಪರಿಮಳ ಕಡಿಮೆಯಾಗುತ್ತದೆ ಅಷ್ಟೆ. ಕುಡಿಯದವರಿಗೆ ಅನಾನಸ್ 120, ನಿಂಬೆ 15, ಗ್ರೆನಡಿನ್ 15 ಸೇರಿಸಿ ಅಲ್ಲಾಡಿಸಿ, ಮೇಲೆ ಸೋಡಾ ತುಂಬಿ ಕೊಡಿ. ಲಾಂಗ್ ಬಾರಿನಲ್ಲೂ ಮದ್ಯವಿಲ್ಲದ್ದನ್ನು ಕೇಳಬಹುದು.

ಜ್ಯೂಸಿನ ಹಾಗಿದೆ, ಎರಡು ಮೂರು ಕುಡಿದರೆ ಏನಾಗುತ್ತದೆ?

ಲೆಕ್ಕ ಹಾಕಿ ನೋಡಿ. ಮೇಲಿನ ಅಳತೆಯಲ್ಲಿ ಜಿನ್ ಮತ್ತು ಲಿಕರುಗಳೇ ಒಟ್ಟು 60 ಮಿ.ಲೀ. ಅವುಗಳ ಕಡಕ್ಕನ್ನು ಕೂಡಿದರೆ ಒಂದು ಗ್ಲಾಸಿನಲ್ಲಿ ಹತ್ತಿರ ಹತ್ತಿರ ಒಂದು ಲಾರ್ಜ್ ಪೆಗ್ಗಿನಷ್ಟು ಮದ್ಯ ಇರುತ್ತದೆ. ಸಿಹಿ ಮತ್ತು ಹುಳಿ ಅದನ್ನು ನಾಲಿಗೆಗೆ ತಿಳಿಯಗೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ, ಬಿಸಿಲಲ್ಲಿ ಅಲೆದು ಬಂದು ಬಾಯಾರಿಕೆಗೆಂದು ಗಟಗಟ ಕುಡಿಯಬೇಡಿ. ಮೊದಲು ನೀರು ಕೇಳಿ. ಸಿಂಗಪುರದಲ್ಲಿ 18 ವರ್ಷ ತುಂಬಿದವರಿಗೆ ಮಾತ್ರ ಮದ್ಯ. ರಾತ್ರಿ 10.30ರ ನಂತರ ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಅಪರಾಧ.

ಮೆನುವಿನ ಬೆಲೆಗೂ ಬಿಲ್ಲಿಗೂ ಯಾಕೆ ಇಷ್ಟು ವ್ಯತ್ಯಾಸ?

ಬೆಲೆಯ ಪಕ್ಕದಲ್ಲಿ ಎರಡು ಕೂಡುವ ಚಿಹ್ನೆ ಇದ್ದರೆ ಶೇ. 10 ಸೇವಾ ಶುಲ್ಕ, ಅದೂ ಸೇರಿದ ಮೊತ್ತದ ಮೇಲೆ ಶೇ. 9 ಜಿಎಸ್‌ಟಿ ಬೀಳುತ್ತದೆ ಎಂದರ್ಥ. 40 ಡಾಲರಿನದು 44 ಆಗಿ, ಕೊನೆಗೆ 47.96 ಆಗುತ್ತದೆ. ಅಂದಾಜಿಗೆ ಐದನೇ ಒಂದು ಭಾಗ ಕೂಡಿಸಿಕೊಳ್ಳಿ. ಸೇವಾ ಶುಲ್ಕ ಕೊಟ್ಟ ಮೇಲೆ ಬೇರೆ ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ. ಕಾರ್ಡು ಉಜ್ಜುವಾಗ ಯಂತ್ರ "ರೂಪಾಯಿಯೋ ಸಿಂಗಪುರ್ ಡಾಲರೋ" ಎಂದು ಕೇಳಿದರೆ ಡಾಲರನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ಕೈಕಚ್ಚುತ್ತದೆ.

ಬಾಗಿಲಲ್ಲಿ ನಿಲ್ಲುವ ಪೇಟದವರ ಜೊತೆ ಫೋಟೊ ತೆಗೆಸಿಕೊಳ್ಳಬಹುದೇ?

ಕೇಳಿ ತೆಗೆಸಿಕೊಳ್ಳಿ, ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಸಿಖ್ ದ್ವಾರಪಾಲಕರು ಈ ಹೋಟೆಲಿನ ಗುರುತೇ ಆಗಿದ್ದಾರೆ. ಬ್ರಿಟಿಷರು ಪಂಜಾಬಿನಿಂದ ಪೊಲೀಸ್, ಕಾವಲು ಕೆಲಸಕ್ಕೆ ಮಲಯಾ, ಸಿಂಗಪುರಕ್ಕೆ ಕರೆತಂದವರ ಪರಂಪರೆಯದು. ಕಾರು, ಸಾಮಾನು ಇಳಿಸುವ ಹೊತ್ತಿನಲ್ಲಿ ಅಡ್ಡ ನಿಲ್ಲಬೇಡಿ, ಅವರು ಕೆಲಸದಲ್ಲಿರುತ್ತಾರೆ.

ಹೋಟೆಲಿನ ಅಂಗಡಿಯಿಂದ ಏನು ತರಬಹುದು?

ಕಾಯಾ ಜಾಮ್, ಚಹಾ, ಸ್ಲಿಂಗ್ ಬಾಟಲಿ, ಗ್ಲಾಸು ಹೆಚ್ಚು ಜನ ಕೊಳ್ಳುತ್ತಾರೆ. ಕಾಯಾ ಎಂದರೆ ತೆಂಗಿನ ಹಾಲು, ಸಕ್ಕರೆ, ಪಂಡಾನ್ ಎಲೆಯ ಜೊತೆ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಉಡುಗೊರೆ ಕೊಡುವ ಮುನ್ನ ಇದು ಗೊತ್ತಿರಲಿ. ಜಾಮಿನ ಬಾಟಲಿ 100 ಮಿ.ಲೀ. ಮೀರಿದರೆ ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಲಗೇಜಿಗೆ ಹಾಕಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. ಒಂದೇ ದಿನ 100 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಸಾಮಾನು ಕೊಂಡರೆ ಪ್ರವಾಸಿಗರಿಗೆ ಜಿಎಸ್‌ಟಿ ವಾಪಸು ಸಿಗುವ ಏರ್ಪಾಡಿದೆ, ಅಂಗಡಿ ಆ ಯೋಜನೆಯಲ್ಲಿ ಇದೆಯೇ ಎಂದು ಕೇಳಿ ಪಾಸ್‌ಪೋರ್ಟ್ ತೋರಿಸಿ. ಊಟ, ರೂಮಿನ ಬಿಲ್ಲಿಗೆ ಇದು ಅನ್ವಯಿಸದು.

ಹತ್ತಿರದಲ್ಲಿ ಇನ್ನೇನು ನೋಡಬಹುದು? ನಮ್ಮ ಊಟ ಎಲ್ಲಿ ಸಿಗುತ್ತದೆ?

ನಡೆದುಹೋಗುವ ದೂರದಲ್ಲಿ ಸೇಂಟ್ ಆ್ಯಂಡ್ರೂಸ್ ಚರ್ಚಿದೆ. 19ನೇ ಶತಮಾನದ ನಡುವಿನಲ್ಲಿ ಭಾರತದಿಂದ ಸಾಗಿಸಿ ತಂದ ಕೈದಿಗಳ ದುಡಿಮೆಯಿಂದ ಕಟ್ಟಿದ್ದು. ಒಳಗೋಡೆಯ ನುಣುಪಾದ ಬಿಳಿ ಗಾರೆಯನ್ನು ಮುಟ್ಟಿ ನೋಡಿ. ಮದ್ರಾಸ್ ಚೂನಂ ಅದು: ಕಪ್ಪೆಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ, ಒರಟು ಸಕ್ಕರೆ, ತೆಂಗಿನ ಸಿಪ್ಪೆ ನೆನೆಸಿದ ನೀರು ಸೇರಿಸಿ ಅರೆದದ್ದು. ರಾಫಲ್ಸಿಗೆ ಬಂದವರು ಇದನ್ನೂ ನೋಡದೆ ಹೋಗಬಾರದು.

ನಮ್ಮ ಊಟಕ್ಕೆ ಸಿಟಿ ಹಾಲ್‌ನಿಂದ ಒಂದು ಸ್ಟಾಪ್ ಧೋಬಿ ಘಾಟ್‌ಗೆ ಹೋಗಿ ನೇರಳೆ ಮಾರ್ಗಕ್ಕೆ ಬದಲಿಸಿ. ಮುಂದಿನ ನಿಲ್ದಾಣ ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಇದೆ. ಇನ್ನೊಂದು ಸ್ಟಾಪ್ ಮುಂದೆ ಫ್ಯಾರರ್ ಪಾರ್ಕಿನಲ್ಲಿ ಇಳಿದರೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಆಸುಪಾಸಿನಲ್ಲಿ ನಮ್ಮ ಎಂಟಿಆರ್ ಶಾಖೆ ಸಿಗುತ್ತದೆ. ರವೆ ಇಡ್ಲಿಗೆ ಬೆಳಗ್ಗೆಯೇ ಹೋಗಿ, ಭಾನುವಾರ ಅಲ್ಲೂ ಸಾಲು ಇರುತ್ತದೆ.